ತುಡುವೆ ಜೇನಿಗೆ ಮರದ ಪೆಟ್ಟಿಗೆ

ಹುಣಸೂರು ತಾಲ್ಲೂಕಿನ ಹನಗೋಡು ಸೀಮೆಯಲ್ಲಿ ಲಕ್ಷ್ಮಣತೀರ್ಥದ ಬಯಲಿಗೆ ನಾಗರಹೊಳೆಯ ಅಡವಿಯು ಸಮೀಪವಾಗಿರುವುದರಿಂದ ಜೇನುಹುಳುಗಳು ಜನರಿಗೆ ಹೊಸವಲ್ಲ. ಇಲ್ಲಿಯ ಜೇನುಕುರುಬರು ಅವುಗಳ ಜಾತಿಭೇದಗಳನ್ನು ಚೆನ್ನಾಗಿ ಬಲ್ಲರು. ಹೆಜ್ಜೇನೂ ಕೋಲುಜೇನೂ ಬೆಳಕಿನಲ್ಲಿ ಒಂದೇ ಎರಿಯನ್ನು ಕಟ್ಟತಕ್ಕವು. ಅವನ್ನು ಪೆಟ್ಟಿಗೆಯಲ್ಲಿಡುವ ಯತ್ನವು ವ್ಯರ್ಥವೇ ಸರಿ. ಮರದ ಪೊಟರೆಯ ಕತ್ತಲೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯು ಪೆಟ್ಟಿಗೆಗೆ ಒಗ್ಗುವುದು.

ಪೆಟ್ಟಿಗೆಯೆಂದರೆ ನಾಲ್ಕು ಹಲಗೆಗಳನ್ನು ಕೂಡಿಸಿ ಮೊಳೆ ಹೊಡೆಯುವುದೆಂದು ತಿಳಿದು ಜಮೀನುದಾರರು ಊರ ಬಡಗಿಗೆ ಕೆಲಸ ಒಪ್ಪಿಸುವುದುಂಟು. ಹಣ ಕೆಡುವುದು ಇಲ್ಲಿಯೇ. ಹುಳುವು ತಾನು ಓಡಾಡುವುದಕ್ಕೆ ಬೇಕಾದಷ್ಟು ಸಂದನ್ನು ಮಾತ್ರ ತೆರವಾಗಿ ಬಿಡುವುದೆಂಬ ಮರ್ಮವನ್ನು ಅಮೆರಿಕೆಯ ಲಾಂಗ್‌ಸ್ಟ್ರಾತ್ ಎಂಬವರು 1851ರಲ್ಲಿ ಗುರುತಿಸಿದರು. ತುಡುವೆಗೆ ಈ ಸಂದು ಸುಮಾರು 8 ಮಿಲಿಮೀಟರು. ಇದಕ್ಕಿಂತ ಹೆಚ್ಚಾದರೆ ಅಲ್ಲಿಯೂ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಅಂಟಿಸುವುವು. ಆಗ ಎತ್ತಲು ಹೋದರೆ ಎರಿ ಹರಿದು ಮರಿಗಳು ನಾಶವಾಗುವುವು. ಕಡಮೆಯಾದರೆ ಹುಳುಗಳು ಅಲ್ಲಿ ನುಗ್ಗಲಾರವು, ಮೇಣದ ಪತಂಗಕ್ಕೆ ಅದು ಅಡಗುದಾಣವಾಗುವುದು.

ತಿರುಚಿನಾಪಳ್ಳಿಯಲ್ಲಿದ್ದ ನ್ಯೂಟನ್ ಪಾದ್ರಿಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಮ್ಮ ಹುಳುವಿನ ಗಾತ್ರವನ್ನು ನೋಡಿ ಸಣ್ಣ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದರ ಸಂಸಾರಕೋಣೆಯಲ್ಲಿ ಏಳು ಚೌಕಟ್ಟುಗಳು. ಪ್ರತಿಯೊಂದರ ಒಳ ಅಳತೆಯು ಉದ್ದ 8¼ ಅಂಗುಲ, ಎತ್ತರ 5¾ ಅಂಗುಲ. ಒಂದರ ನಡುವಿನಿಂದ ಮತ್ತೊಂದರ ನಡುವಿಗೆ 1¼ ಅಂಗುಲ ಅಂತರವಿರತಕ್ಕದ್ದು. ಮೇಲಿನ ತುಪ್ಪದ ಕೋಣೆಯ ಚೌಕಟ್ಟಿಗೆ ಉದ್ದವು ಅದೇ; ಎತ್ತರವು ಅರ್ಧಕ್ಕೂ ಕಡಮೆ. ಬಡಗಿಯು ಮೊದಲು ಚೌಕಟ್ಟನ್ನು ಮುಗಿಸಿ, ಅದರ ಹೊರ ಅಳತೆಗೆ ಎರಡು ಪಕ್ಕದ ಸಂದನ್ನೂ ಸೇರಿಸಿ, ಆಮೇಲೆ ಹಲಗೆಯನ್ನು ಕೊಯ್ಯಬೇಕು. ಎಲ್ಲ ಚೌಕಟ್ಟುಗಳೂ ಒಂದೇ ಅಚ್ಚಿನಲ್ಲಿರಬೇಕು; ಒಂದು ಪೆಟ್ಟಿಗೆಯದು ಇನ್ನೊಂದಕ್ಕೆ ಕೂಡದಿದ್ದರೆ ಬಲವಾದ ಕುಟುಂಬದ ಮರಿ ಎರಿಯನ್ನು ದುರ್ಬಲವಾದುದಕ್ಕೆ ಕೊಡುವಂತಿಲ್ಲ.

ಮರವು ಚೆನ್ನಾಗಿ ಒಣಗಿದ ತೇಗವಾದರೆ ಉತ್ತಮ. ಹಲಸು, ಸಿಲ್ವರ್ ಓಕ್‌ಗಳೂ ಆಗಬಹುದು. ಹಸಿಮರವು ಬೇಸಿಗೆಯಲ್ಲಿ ಸೊಟ್ಟಗಾಗುವುದರಿಂದ, ಎಷ್ಟು ಜಾಗರೂಕತೆಯಿಂದ ಅಳೆದಿದ್ದರೂ ಸಂದು ಕೆಡುವುದು. ಬಣ್ಣವನ್ನು ಹೊರಗೆ ಮಾತ್ರ ಬಳಿದು, ವಾಸನೆ ಹೋಗುವವರೆಗೆ ಬಯಲಿನಲ್ಲಿಡಬೇಕು. ಒಳಗೆ ಬಣ್ಣವೂ ಬೇಡ, ವಾರ್ನಿಷೂ ಬೇಡ; ಸ್ವಲ್ಪ ಜೇನುಮೇಣವನ್ನು ತಿಕ್ಕಿದರೆ ಸಾಕು.

ಅಟ್ಟದ ಮೇಲೆ ಬಿದ್ದಿರುವ ಹಳೆಯ ಪೆಟ್ಟಿಗೆಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ಹಬ್ಬಿ ಕರ್ಣಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದುವು. ರೋಗದಿಂದ ಬರಿದಾದ ಪೆಟ್ಟಿಗೆಯ ಎರಿಗಳನ್ನು ಸುಡತಕ್ಕದ್ದು; ಮರವನ್ನು ಹೆರೆದು, ಸೋಡದ ಬಿಸಿನೀರಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸದೆ ಮತ್ತೆ ಹುಳುಗಳನ್ನು ಕೂಡಿಸಲಾಗದು.

ಪೆಟ್ಟಿಗೆಯನ್ನು ನೆರಳಿನಲ್ಲಿ, ಬಾಗಿಲು ಮೂಡಲಿಗಿರುವಂತೆ ಪೀಠದ ಮೇಲಿರಿಸಿ, ಇರುವೆ ಹತ್ತದ ಹಾಗೆ ಪೀಠದ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಡಬೇಕು. ಬಟ್ಟಲಿನ ನೀರು ಬತ್ತಿದ ಒಂದೇ ರಾತ್ರಿಯಲ್ಲಿ ಇರುವೆಗಳು ಏರಿ ಕುಟುಂಬವನ್ನೇ ಓಡಿಸಬಲ್ಲವು.