ಸೈರನ್ ಕೂಗಿದರೆ ಎತ್ತ ಓಡಬೇಕು?

2024ರ ಮೇ 23ರ ಮಧ್ಯಾಹ್ನ ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ರದೇಶದ ಎರಡನೇ ಹಂತದಲ್ಲಿರುವ ಅಮುದಾನ್ ಕೆಮಿಕಲ್ಸ್ ಕಾರ್ಖಾನೆ ಸ್ಫೋಟಗೊಂಡಾಗ ಕಿಲೋಮೀಟರ್ ದೂರದ ಮನೆಗಳ ಗಾಜೂ ಉದುರಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಗುರುತೇ ಸಿಗದಂತೆ ಸುಟ್ಟ ದೇಹಗಳಿಗೆ ಡಿಎನ್‌ಎ ಪರೀಕ್ಷೆ ಮಾಡಿಸಬೇಕಾಯಿತು. ಎಂಟು ವರ್ಷ ಹಿಂದೆ, 2016ರ ಮೇ 26ರಂದು, ಅದೇ ಎಂಐಡಿಸಿಯ ಪ್ರೊಬೇಸ್ ಕಾರ್ಖಾನೆಯ ಸ್ಫೋಟಕ್ಕೆ 12 ಮಂದಿ ಬಲಿಯಾಗಿದ್ದರು. ನಡುವೆ, 2020ರಲ್ಲಿ, ಇಲ್ಲಿನ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಲು ಮುಖ್ಯಮಂತ್ರಿಯೇ ಬಂದಿದ್ದರು.

ಕಾರ್ಖಾನೆಯ ಗೋಡೆಗೆ ಆತುಕೊಂಡಂತಿರುವ ಚಾಳಿನಲ್ಲಿ ಬಾಡಿಗೆಗಿರುವವರಿಗೆ ಆ ಗೋಡೆಯಾಚೆ ಏನು ಕುದಿಯುತ್ತಿದೆ ಎಂಬುದು ಗೊತ್ತಿಲ್ಲ. ಗೊತ್ತಾಗಬೇಕು ಎಂದು ಕಾನೂನು ಹೇಳುತ್ತದೆ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಂತೆ, ದೊಡ್ಡ ಪ್ರಮಾಣದಲ್ಲಿ ಅಂಥವನ್ನು ಬಳಸುವ ಕಾರ್ಖಾನೆಯ ಸುತ್ತ ಇರುವವರಿಗೆ ಅಪಾಯ ಎಂಥದ್ದು, ಅವಘಡವಾದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ತಿಳಿಸಬೇಕು. 1996ರ ನಿಯಮ ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಸಮಿತಿಯನ್ನು ರಚಿಸಿ, ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸುವ ಹೊಣೆಯನ್ನು ಅದಕ್ಕೆ ವಹಿಸಿದೆ. ಬಡವರ ಸಿದ್ಧತೆ ಇಲ್ಲಿಂದ ಶುರುವಾಗಬೇಕು ಎಂಬುದು ನನ್ನ ನಂಬಿಕೆ. ಟಾರ್ಚು, ಔಷಧಿ, ಒಣ ತಿಂಡಿ ತುಂಬಿದ ಚೀಲ ಸಿದ್ಧವಾಗಿಡಿ ಎನ್ನುವುದು ಸುಲಭ. ದಿನಗೂಲಿಯವರು ಅದನ್ನು ಯಾವ ದುಡ್ಡಿನಲ್ಲಿ ಕೊಳ್ಳಬೇಕು? ಗಾಳಿ ಬೀಸುವ ದಿಕ್ಕಿಗೆ ಓಡದೆ ಅದಕ್ಕೆ ಅಡ್ಡಲಾಗಿ ಹೋಗಬೇಕು, ಮೂಗಿಗೆ ಒದ್ದೆ ಬಟ್ಟೆ ಹಿಡಿಯಬೇಕು, 112ಕ್ಕೆ ಫೋನ್ ಮಾಡಬೇಕು ಎಂದು ಕಲಿಯಲು ಖರ್ಚಿಲ್ಲ, ಕಲಿಸುವವರು ಬೇಕು.

ಕಲಿಸುವುದು ಯಾವ ಭಾಷೆಯಲ್ಲಿ? ಡೊಂಬಿವಲಿಯಲ್ಲಿ ಕನ್ನಡಿಗರು ನೆಲೆಯೂರಿ ದಶಕಗಳಾದವು. ಕರ್ನಾಟಕ ಸಂಘವಿದೆ, ಅದರ ಮಂಜುನಾಥ ಶಾಲೆಯಿದೆ. ಅವರಿಗೆ ಮರಾಠಿ ಓದಲು ಬರುತ್ತದೆ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆಂದು ಈ ಭಾಗಕ್ಕೆ ಬಂದವರಲ್ಲಿ ಎಷ್ಟೋ ಜನರಿಗೆ ಗೋಡೆಗೆ ಅಂಟಿಸಿದ ನೋಟಿಸು ಬರೀ ಕಾಗದ.

ನೋಟಿಸು ಓದಬಲ್ಲವರ ಪಾಡೂ ಬೇರೆಯಲ್ಲ. ಮಳೆಗಾಲಕ್ಕೆ ಮುಂಚೆ ಪಕ್ಕದ ಠಾಣೆ ಮಹಾನಗರಪಾಲಿಕೆ ಅತಿ ಅಪಾಯಕಾರಿ ಕಟ್ಟಡಗಳನ್ನು ಪಟ್ಟಿ ಮಾಡಿ, ಖಾಲಿ ಮಾಡಲು ನೋಟಿಸು ಕೊಡುತ್ತದೆ. ಖಾಲಿ ಮಾಡಿದರೆ ಮನೆಯ ಮೇಲಿನ ಹಕ್ಕೇ ಹೋದೀತೆಂದು ಜನ ಅಲ್ಲೇ ಉಳಿಯುತ್ತಾರೆ. ಅದು ಹಟವಲ್ಲ, ಬೇರೆ ಸೂರಿಲ್ಲ. 2013ರ ಏಪ್ರಿಲ್ 4ರಂದು ಮುಂಬ್ರಾ ಬಳಿಯ ಶೀಳ್‌ನಲ್ಲಿ ಕುಸಿದ ಅನಧಿಕೃತ ಕಟ್ಟಡದ ಕೆಲಸ ಇನ್ನೂ ನಡೆದಿತ್ತು. ಕೂಲಿ ಕುಟುಂಬಗಳು ಮಕ್ಕಳೊಂದಿಗೆ ಅದರಲ್ಲೇ ವಾಸವಿದ್ದವು. ಸತ್ತವರು 74 ಜನ.

ಹಾಗಾಗಿ ‘ಖಾಲಿ ಮಾಡಿ’ ಎನ್ನುವ ಕಾಗದದಲ್ಲಿ ಎಲ್ಲಿಗೆ ಹೋಗಬೇಕು, ವಾಪಸು ಬರುವ ಹಕ್ಕಿಗೆ ಯಾರು ಹೊಣೆ ಎಂಬುದೂ ಇರಬೇಕು. ಎಂಐಡಿಸಿಯ ಮುಂದಿನ ಅಣಕು ಕಾರ್ಯಾಚರಣೆ ಕಾರ್ಖಾನೆಯ ಗೇಟಿನೊಳಗೇ ಮುಗಿಯದೆ, ಪಾಳಿ ಬಿಡುವ ಸಂಜೆ ಹೊತ್ತಿಗೆ ಚಾಳುಗಳ ಓಣಿಗೂ ಬರಲಿ. ಅಲ್ಲಿ ಕನ್ನಡದಲ್ಲಿ ಹೇಳಿಕೊಡಲು ಕರ್ನಾಟಕ ಸಂಘದವರನ್ನೇ ಕರೆಯಬಹುದು.