ದೊಡ್ಡ ಕರುಳಿನ ತಪಾಸಣೆ: ಯಂತ್ರದ ಬೆಲೆ, ನೋಟದ ಬೆಲೆ

ದೊಡ್ಡ ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿ ಏಕಾಏಕಿ ಉದ್ಭವಿಸುವುದಿಲ್ಲ. ಕರುಳಿನ ಒಳಪದರದಲ್ಲಿ ಅಡೆನೋಮಾ ಎಂಬ ಸಣ್ಣ ಗಂಟಾಗಿ ಆರಂಭವಾಗುವ ಬೆಳವಣಿಗೆಯು ಕ್ಯಾನ್ಸರ್ ರೂಪ ತಳೆಯಲು ಬಹುತೇಕ ಹತ್ತು ವರ್ಷಗಳೇ ಹಿಡಿಯುತ್ತವೆ. ಈ ಅವಧಿಯಲ್ಲಿ ಕೊಲೊನೋಸ್ಕೋಪಿಯ ಮೂಲಕ ಅದನ್ನು ಗುರುತಿಸಿ ಕತ್ತರಿಸಿ ತೆಗೆಯಬಹುದು. ಹಾಗೆ ತೆಗೆಸಿಕೊಂಡವರಲ್ಲಿ ಈ ಕ್ಯಾನ್ಸರಿನಿಂದಾದ ಸಾವುಗಳು ನಿರೀಕ್ಷಿತ ಪ್ರಮಾಣಕ್ಕಿಂತ ಶೇ. 53ರಷ್ಟು ಕಡಿಮೆಯಿದ್ದುದನ್ನು ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನವು 2012ರಲ್ಲಿ ವರದಿ ಮಾಡಿತು.

ಕಷ್ಟವಿರುವುದು ಕಾಣುವುದರಲ್ಲಿ. ಚಪ್ಪಟೆಯಾದ ಬೆಳವಣಿಗೆಗಳು ಸುತ್ತಲಿನ ಪದರದ ಬಣ್ಣದಲ್ಲೇ ಬೆರೆತುಹೋಗಿರುತ್ತವೆ. ಜಪಾನಿನಲ್ಲಿ ರೂಪುಗೊಂಡ ನ್ಯಾರೋ ಬ್ಯಾಂಡ್ ಇಮೇಜಿಂಗ್ ವಿಧಾನದಲ್ಲಿ ಬಿಳಿ ಬೆಳಕಿನ ಬದಲು 415 ಮತ್ತು 540 ನ್ಯಾನೋಮೀಟರ್ ಆಸುಪಾಸಿನ ನೀಲಿ ಹಾಗೂ ಹಸಿರು ಬೆಳಕನ್ನಷ್ಟೇ ಹಾಯಿಸಲಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಇದನ್ನು ಹೀರಿಕೊಳ್ಳುವುದರಿಂದ ರಕ್ತನಾಳಗಳ ಜಾಲ ಕಪ್ಪಾಗಿ ಎದ್ದು ಕಾಣುತ್ತದೆ. ಅಡೆನೋಮಾದಲ್ಲಿ ಈ ಜಾಲ ಹೆಚ್ಚು ದಟ್ಟ. ಸಂಶಯಾಸ್ಪದ ಜಾಗವನ್ನು ಪರದೆಯ ಮೇಲೆ ಚೌಕಟ್ಟು ಹಾಕಿ ತೋರಿಸುವ ಕೃತಕ ಬುದ್ಧಿಮತ್ತೆಯ ಸಾಧನಕ್ಕೂ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ದೊರೆತಿದೆ.

ಇಂತಹ ಉಪಕರಣಗಳ ಕೊಟೇಶನ್ ಆಸ್ಪತ್ರೆಯ ಆಡಳಿತ ಮಂಡಳಿಯ ಮುಂದೆ ಬಂದಾಗ ಸವಕಳಿ, ಬಡ್ಡಿ, ವಾರ್ಷಿಕ ನಿರ್ವಹಣಾ ಒಪ್ಪಂದ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಳುವರಿಯ ಲೆಕ್ಕ ಕೇಳುವವರು ವಿರಳ. ಆ ಇಳುವರಿಗೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟ ಅಳತೆಯಿದೆ: ತಪಾಸಣೆಗೆ ಬಂದ ನೂರು ಮಂದಿಯಲ್ಲಿ ಎಷ್ಟು ಜನರಲ್ಲಿ ಕನಿಷ್ಠ ಒಂದು ಅಡೆನೋಮಾ ಪತ್ತೆಯಾಯಿತು ಎಂಬುದು. ವೈದ್ಯರ ಈ ಪ್ರಮಾಣ ಶೇಕಡಾ ಒಂದು ಅಂಶ ಏರಿದಂತೆಲ್ಲ ರೋಗಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ ಶೇ. 3ರಷ್ಟು ಇಳಿಯುತ್ತದೆಂದು 2014ರ ಅಧ್ಯಯನವೊಂದು ತೋರಿಸಿತು.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹನ್ನೊಂದು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯಲ್ಲಿ ಬಿಳಿ ಬೆಳಕಿನ ಪತ್ತೆ ಪ್ರಮಾಣ ಶೇ. 42.3, ನ್ಯಾರೋ ಬ್ಯಾಂಡಿನದು ಶೇ. 45.2. ಅದೂ ಕರುಳು ಚೆನ್ನಾಗಿ ಶುದ್ಧಿಯಾಗಿದ್ದಾಗಲೇ ಲಾಭ ಹೆಚ್ಚು. ಆದರೆ 2006ರಲ್ಲಿ ಪ್ರಕಟವಾದ, ಇಲಿನಾಯ್ಸ್‌ನ ಹನ್ನೆರಡು ವೈದ್ಯರ ಅಧ್ಯಯನದಲ್ಲಿ, ನಳಿಕೆಯನ್ನು ಹಿಂದಕ್ಕೆ ತೆಗೆಯುತ್ತ ಪರೀಕ್ಷಿಸಲು ಸರಾಸರಿ 6 ನಿಮಿಷ ಅಥವಾ ಹೆಚ್ಚು ಕಾಲ ನೀಡಿದವರು ಶೇ. 28.3 ರೋಗಿಗಳಲ್ಲಿ ಬೆಳವಣಿಗೆಯನ್ನು ಕಂಡರೆ, ಅವಸರಿಸಿದವರು ಕಂಡದ್ದು ಶೇ. 11.8ರಲ್ಲಿ ಮಾತ್ರ. ದುಬಾರಿ ಬೆಳಕು ತಂದ ವ್ಯತ್ಯಾಸ ಮೂರು ಅಂಶಕ್ಕೂ ಕಡಿಮೆ. ಕೆಲವು ನಿಮಿಷಗಳ ತಾಳ್ಮೆಯ ಜೊತೆಗೆ ಕಂಡುಬಂದದ್ದು ಹದಿನಾರಕ್ಕೂ ಹೆಚ್ಚು.

ಹೊಸ ಯಂತ್ರ ಬೇಡವೆಂದು ಇದರ ಅರ್ಥವಲ್ಲ. ಖರೀದಿಯ ಠರಾವಿನ ಜೊತೆಯಲ್ಲೇ ಪ್ರತಿ ವೈದ್ಯರ ಪತ್ತೆ ಪ್ರಮಾಣ ಮತ್ತು ಪರೀಕ್ಷಾ ಸಮಯವನ್ನು ತಿಂಗಳ ವರದಿಯಲ್ಲಿ ಮಂಡಳಿಗೆ ಸಲ್ಲಿಸುವ ಷರತ್ತು ಸೇರಿಸಬಹುದು; ನೌಕರರ ತಪಾಸಣೆಗಾಗಿ ಆಸ್ಪತ್ರೆಯೊಡನೆ ಒಪ್ಪಂದ ಮಾಡಿಕೊಳ್ಳುವ ಉದ್ಯಮಿಗಳೂ ಸಹಿ ಹಾಕುವ ಮುನ್ನ ಇದೇ ಅಂಕಿಗಳನ್ನು ಕೇಳಬಹುದು.