ಕೃತಕ ಬುದ್ಧಿಮತ್ತೆಯೂ ಸಣ್ಣ ಘಟಕದ ಕೆಲಸಗಾರರೂ: ಜಡಿಗೇನಹಳ್ಳಿ ಹೋಬಳಿಯಿಂದ ಒಂದು ನೋಟ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯನ್ನು ಇಪ್ಪತ್ತೈದು ವರ್ಷಗಳಿಂದ ಬಲ್ಲವರಿಗೆ ಆ ಭಾಗದಲ್ಲಿ ಆಗಿರುವ ಬದಲಾವಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿ, ತರಕಾರಿ, ಹಿಪ್ಪುನೇರಳೆಯ ಸೀಮೆಯಲ್ಲಿ ಇಂದು ಗೋದಾಮುಗಳೂ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳೂ ತಲೆಯೆತ್ತಿವೆ. 1998ರಲ್ಲಿ ಹೊಸಕೋಟೆಯ ಬಳಿ ವೋಲ್ವೋ ಟ್ರಕ್ಕುಗಳ ತಯಾರಿಕೆ ಆರಂಭವಾಯಿತು. ನೆರೆಯ ಕೋಲಾರ ಜಿಲ್ಲೆಯ ಮಾಲೂರು ಮತ್ತು ನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು. ಇವುಗಳ ನಡುವೆ ಬದುಕು ಕಟ್ಟಿಕೊಂಡಿರುವ ಸಣ್ಣ ಉದ್ದಿಮೆದಾರರು ಸೇರಿದಲ್ಲೆಲ್ಲ ಈಗ ಒಂದೇ ಮಾತು: ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿದರೆ ಎಷ್ಟು ಮಂದಿಯನ್ನು ಕಡಿಮೆ ಮಾಡಬಹುದು?

ಸಂಬಳದ ಪಟ್ಟಿಯನ್ನು ಪ್ರತಿ ತಿಂಗಳೂ ನೋಡುವವರು ಹಾಗೆ ಕೇಳುವುದು ಸಹಜ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಇಂದು ನಮ್ಮಲ್ಲಿ ಕೆಲಸ ಬಲ್ಲ ಹಿರಿಯರು ನಿವೃತ್ತರಾದ ಮೇಲೆ ಅವರ ಸ್ಥಾನದಲ್ಲಿ ಯಾರಿರುತ್ತಾರೆ?

ಸಾಮಾನ್ಯ ಯಂತ್ರವು ನಾವು ಬರೆದುಕೊಟ್ಟ ಆದೇಶವನ್ನು ಪಾಲಿಸುತ್ತದೆ. ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯಾದರೋ ಸಾವಿರಾರು ಉದಾಹರಣೆಗಳನ್ನು ಕಂಡು ತಾನೇ ಒಂದು ಮಾದರಿಯನ್ನು ಕಂಡುಕೊಳ್ಳುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಈ ವಿದ್ಯೆ ಕಛೇರಿಯ ಮೇಜಿಗೂ ಬಂದಿತು. ಉದಾಹರಣೆಗಳಿಂದ ಕಲಿಯುತ್ತದೆ ಎಂದಮೇಲೆ ಆ ಉದಾಹರಣೆಗಳು ಎಲ್ಲಿಂದ ಬರುತ್ತವೆ ಎಂಬುದೇ ಮುಖ್ಯ.

ವಾಹನದ ಬಿಡಿಭಾಗಗಳನ್ನು ತಯಾರಿಸುವ, ಇಪ್ಪತ್ತೈದು ಜನರಿರುವ ಒಂದು ಘಟಕವನ್ನು ಭಾವಿಸಿಕೊಳ್ಳಿ. ಅಲ್ಲಿನ ತಪಾಸಣೆಯ ಮೇಜಿನ ಮುಂದೆ ನಾಲ್ವರು ಹೆಣ್ಣುಮಕ್ಕಳು ಕುಳಿತು ಒಂದೊಂದೇ ಜಾಬನ್ನು ಬೆಳಕಿಗೆ ಹಿಡಿದು ಗೀರು, ಬರ್, ಬಿರುಕುಗಳನ್ನು ನೋಡುತ್ತಾರೆ. ಈ ಕೆಲಸವನ್ನು ಕ್ಯಾಮೆರಾ ಮಾಡಬಲ್ಲದು. ಬೇಸರವಿಲ್ಲದೆ, ರಾತ್ರಿ ಪಾಳಿಯಲ್ಲಿಯೂ ಮಾಡಬಲ್ಲದು. ಆದರೆ ಕ್ಯಾಮೆರಾ ಕಲಿಯಬೇಕಾದರೆ ಒಳ್ಳೆಯ ಜಾಬುಗಳ ಜೊತೆಗೆ ಕೆಟ್ಟ ಜಾಬುಗಳ ಚಿತ್ರಗಳೂ ನೂರಾರು ಬೇಕು. ಪ್ರತಿಯೊಂದೂ ಏಕೆ ಕೆಟ್ಟದ್ದು ಎಂದು ಬಲ್ಲವರು ಗುರುತಿಸಿರಬೇಕು. ನಮ್ಮ ಬಹುಪಾಲು ಘಟಕಗಳಲ್ಲಿ ತಿರಸ್ಕೃತ ಜಾಬುಗಳು ಒಂದೇ ಡಬ್ಬಿಗೆ ಬಿದ್ದು, ವಾರದ ಕೊನೆಯಲ್ಲಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕ್ಯಾಮೆರಾಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಲು ಸಿದ್ಧರಾದವರು ಅದಕ್ಕೆ ಪಾಠ ಹೇಳುವ ಸರಕನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದಾರೆ.

ಅಳವಡಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಜಾಬಿನ ಮೇಲೆ ಉಳಿದ ಎಣ್ಣೆಯ ಗೆರೆ ಕ್ಯಾಮೆರಾಕ್ಕೆ ಬಿರುಕಿನಂತೆ ಕಾಣಬಹುದು. ಕಿಟಕಿಯ ಬಿಸಿಲು ಬಿದ್ದರೆ ಎಲ್ಲವೂ ತಿರಸ್ಕೃತವಾಗಬಹುದು. ಆಗ ಅನುಮಾನದ ಜಾಬುಗಳು ಬೇರೆ ತಟ್ಟೆಗೆ ಬರುತ್ತವೆ, ಅವುಗಳನ್ನು ಯಾರಾದರೂ ತೀರ್ಮಾನಿಸಬೇಕು. ನಾಲ್ವರು ಮಾಡುತ್ತಿದ್ದ ಸುಲಭದ ಕೆಲಸ ಹೋಗಿ ಒಬ್ಬರಿಬ್ಬರು ಮಾಡುವ ಕಠಿಣವಾದ ಕೆಲಸ ಉಳಿಯುತ್ತದೆ. ದಿನವಿಡೀ ಅನುಮಾನದ ಜಾಬುಗಳನ್ನೇ ನೋಡುವುದು ಹಿಂದಿನದಕ್ಕಿಂತ ಹೆಚ್ಚು ದಣಿಸುವ ಕೆಲಸ. ಅದಕ್ಕೆ ಹಿಂದಿನ ಸಂಬಳವನ್ನೇ ಕೊಡುತ್ತೇವೆ ಎನ್ನುವುದು ನ್ಯಾಯವಲ್ಲ, ಲಾಭದಾಯಕವೂ ಅಲ್ಲ. ಆಕೆ ಪಕ್ಕದ ಕಾರ್ಖಾನೆಗೆ ಹೋದ ದಿನ ಆ ತಟ್ಟೆ ತುಂಬಿ ನಿಲ್ಲುತ್ತದೆ.

ಇದು ನಮಗೆ ಹೊಸ ಅನುಭವವೇನಲ್ಲ. ಲೇತಿನ ಮುಂದೆ ಕೈಯಳತೆಯಿಂದಲೇ ಕೆಲಸ ತೆಗೆಯುತ್ತಿದ್ದ ಟರ್ನರ್‌ನ ಸ್ಥಾನಕ್ಕೆ ಸಿಎನ್‌ಸಿ ಬಂದಾಗ, ಟೂಲಿನ ಸ್ವಭಾವ ಬಲ್ಲ ಹಳೆಯ ಟರ್ನರುಗಳಲ್ಲಿ ಪ್ರೋಗ್ರಾಮು ಕಲಿತವರು ಒಳ್ಳೆಯ ಸೆಟ್ಟರುಗಳಾದರು. ಮಗ್ಗಗಳಿಗೆ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಾಗ ರಟ್ಟಿನ ಕಾರ್ಡು ಕೊರೆಯುವವರ ಕೆಲಸ ಹೋಯಿತು, ವಿನ್ಯಾಸ ಬಲ್ಲವರದು ಉಳಿಯಿತು. ಈ ಬಾರಿ ಒಂದು ವ್ಯತ್ಯಾಸವಿದೆ: ಕೈಯ ಕೆಲಸದ ಜೊತೆಗೆ ಓದುಬರಹದ ಕೆಲಸಕ್ಕೂ ಯಂತ್ರ ಬಂದಿದೆ.

ಈ ಲೇಖಕನ ಸ್ವಂತ ಕಛೇರಿಯಲ್ಲಿ ನಡೆದುದನ್ನೇ ಹೇಳಬಹುದು. ಹೊಸದಾಗಿ ಸೇರಿದ ಹುಡುಗನೊಬ್ಬ ಕೃತಕ ಬುದ್ಧಿಮತ್ತೆಯ ನೆರವಿನಿಂದ ಗ್ರಾಹಕರೊಬ್ಬರಿಗೆ ದರಪಟ್ಟಿಯ ಪತ್ರ ಸಿದ್ಧಪಡಿಸಿದ. ಪತ್ರ ಅಚ್ಚುಕಟ್ಟಾಗಿತ್ತು, ಅಂತಹ ಇಂಗ್ಲಿಷು ನಮ್ಮ ಕಛೇರಿಯಿಂದ ಹಿಂದೆಂದೂ ಹೊರಟಿರಲಿಲ್ಲ. ಆದರೆ ಜಿಎಸ್‌ಟಿ ದರ ಶೇಕಡ 28 ಎಂದು ನಮೂದಾಗಿತ್ತು. ವಾಹನ ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡ 18 ಆಗಿರುವುದು ಸದಸ್ಯರೆಲ್ಲರಿಗೂ ತಿಳಿದದ್ದೇ. ಯಂತ್ರ ಹಳೆಯ ಮಾಹಿತಿಯಿಂದ ಕಲಿತಿತ್ತು, ಹುಡುಗನಿಗೆ ಅದು ತಿಳಿಯದು, ಹಿರಿಯ ಲೆಕ್ಕಿಗರು ಮಗಳ ಮದುವೆಗೆಂದು ರಜೆಯಲ್ಲಿದ್ದರು. ಗ್ರಾಹಕರು ದೂರವಾಣಿಯಲ್ಲಿ ಕೇಳಿದಾಗಲೇ ನಮಗೆ ಗೊತ್ತಾದದ್ದು. ತಪ್ಪು ಹುಡುಗನದಲ್ಲ, ನನ್ನದು. ಪತ್ರವನ್ನು ಪರಿಶೀಲಿಸಿ ಸಹಿ ಮಾಡುವವರು ಯಾರು ಎಂದು ನಾನು ನಿಗದಿಪಡಿಸಿರಲಿಲ್ಲ. ಕೆಟ್ಟ ಬರಹದಲ್ಲಿ ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ, ಸೊಗಸಾದ ಬರಹದಲ್ಲಿ ಅಡಗಿಬಿಡುತ್ತದೆ.

ಹೊಸಬರಿಗೆ ಈ ಸಾಧನಗಳಿಂದ ಲಾಭವಿಲ್ಲವೆಂದು ಇದರ ಅರ್ಥವಲ್ಲ. ಒಂದು ಸಂಸ್ಥೆಯ ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ನೌಕರರನ್ನು ಕುರಿತು ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಜೋಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಟೆಗೆ ಬಗೆಹರಿದ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇಕಡ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಈ ಹೆಚ್ಚಳ ಶೇಕಡ 34, ಪಳಗಿದವರಲ್ಲಿ ಅತ್ಯಲ್ಪ. ಪಳಗಿದವರು ಗ್ರಾಹಕರೊಡನೆ ಮಾತನಾಡುತ್ತಿದ್ದ ರೀತಿಯನ್ನು ಯಂತ್ರ ಕಲಿತು ಹೊಸಬರಿಗೆ ಹೇಳಿಕೊಟ್ಟಿತು ಎಂಬುದು ಆ ಅಧ್ಯಯನಕಾರರ ವಿವರಣೆ. ಹಿರಿಯರ ವಿದ್ಯೆ ಹೀಗೆ ಕಿರಿಯರಿಗೆ ದಾಟಿತು, ಆದರೆ ದಾಟಿಸಿದ ಹಿರಿಯರ ಕೆಲಸದಲ್ಲಿ ಹೆಚ್ಚಿನ ಪ್ರಗತಿ ಕಾಣಲಿಲ್ಲ. ನಮ್ಮ ಹಿರಿಯ ಸೆಟ್ಟರ್ ತನ್ನ ಗುಟ್ಟುಗಳನ್ನು ದಾಖಲೆಗೆ ಒಪ್ಪಿಸಲು ಹಿಂಜರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆತನಿಗೆ ಭತ್ಯೆಯನ್ನೋ, ತರಬೇತುದಾರನೆಂಬ ಪದವಿಯನ್ನೋ ಕೊಟ್ಟು, ಕೆಲಸ ಹೋಗುವುದಿಲ್ಲವೆಂಬ ಭರವಸೆಯನ್ನು ಮೊದಲೇ ನೀಡುವುದು ಒಳ್ಳೆಯದು. (ನೌಕರರನ್ನು ಕಡಿತಗೊಳಿಸಿಯೇ ತೀರುವೆನೆನ್ನುವವರು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಒಮ್ಮೆ ಓದಿಕೊಳ್ಳಲಿ, ಪರಿಹಾರಧನದ ಜೊತೆಗೆ, ಕಡಿತಗೊಂಡ ಪ್ರತಿ ಕಾರ್ಮಿಕನ ಹದಿನೈದು ದಿನಗಳ ವೇತನವನ್ನು ಮರುಕೌಶಲ್ಯ ನಿಧಿಗೆ ಕಟ್ಟಬೇಕಾಗುತ್ತದೆ.)

ತಂಡದ ಸ್ವರೂಪವೂ ಬದಲಾಗುತ್ತಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ 776 ಉದ್ಯೋಗಿಗಳನ್ನೊಳಗೊಂಡು, 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೃತಕ ಬುದ್ಧಿಮತ್ತೆಯ ನೆರವು ಪಡೆದ ಒಬ್ಬ ವ್ಯಕ್ತಿಯ ಕೆಲಸವು ನೆರವಿಲ್ಲದ ಇಬ್ಬರ ತಂಡದ ಕೆಲಸಕ್ಕೆ ಸರಿದೂಗಿತು. ನಮ್ಮ ಘಟಕಗಳಲ್ಲಿ ಮಾಲೀಕನೇ ಮಾರಾಟಗಾರ, ಮಾಲೀಕನೇ ಖರೀದಿ ಅಧಿಕಾರಿ. ಆತನಿಗೆ ಇದೊಂದು ವರವೇ ಸರಿ. ಪಾಳಿ ಬದಲಾವಣೆಯ ಹೊತ್ತಿನಲ್ಲಿ ಕನ್ನಡ, ತೆಲುಗು, ಹಿಂದಿ ಮಾತನಾಡುವವರ ನಡುವೆ ಆಗುವ ಗೊಂದಲಕ್ಕೂ ಭಾಷಾಂತರ ಸಾಧನಗಳು ನೆರವಾಗಬಲ್ಲವು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆಯ ಉದ್ದೇಶವೂ ಭಾಷೆಯ ಅಡ್ಡಿಯನ್ನು ನಿವಾರಿಸುವುದೇ. ಆದರೆ ಗ್ರಾಹಕರು ಗೌಪ್ಯತೆಯ ಕರಾರಿನ ಮೇಲೆ ಕೊಟ್ಟ ಡ್ರಾಯಿಂಗನ್ನು ಉಚಿತ ಸಾಧನಗಳಿಗೆ ಹಾಕುವುದು ಕರಾರಿನ ಉಲ್ಲಂಘನೆಯಾಗಬಹುದು ಎಂಬುದನ್ನು ಕಛೇರಿಯ ಪ್ರತಿಯೊಬ್ಬರಿಗೂ ತಿಳಿಸಿರಬೇಕು.

ಕಿರಿಯರ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ಐಟಿಐ ಮುಗಿಸಿ ಬಂದವನು ಮೊದಲ ಎರಡು ವರ್ಷ ಬರ್ ತೆಗೆಯುತ್ತಾ, ಗೇಜ್ ಹಿಡಿಯುತ್ತಾ, ಜಾಬು ಎಣಿಸುತ್ತಾ ಕೆಲಸದ ಕಣ್ಣನ್ನು ಪಡೆಯುತ್ತಿದ್ದ. ಯಂತ್ರಕ್ಕೆ ಮೊದಲು ಹೋಗುವುದು ಇವೇ ಕೆಲಸಗಳು. ಕೆಳಗಿನ ಮೆಟ್ಟಿಲನ್ನು ತೆಗೆದ ಮೇಲೆ ಅನುಮಾನದ ತಟ್ಟೆಯನ್ನು ತೀರ್ಮಾನಿಸುವ ಹಿರಿಯರು ತಯಾರಾಗುವುದು ಹೇಗೆ? ಆದುದರಿಂದ ಹೊಸಬರಿಂದ ವಾರಕ್ಕೆ ಒಂದು ದಿನವಾದರೂ ಕ್ಯಾಮೆರಾವಿಲ್ಲದೆ ತಪಾಸಣೆ ಮಾಡಿಸಿ, ಅವರ ತೀರ್ಮಾನವನ್ನು ಯಂತ್ರದ ತೀರ್ಮಾನದೊಡನೆ ಹಿರಿಯರ ಎದುರಿನಲ್ಲಿ ಹೋಲಿಸಿ ನೋಡುವ ಕ್ರಮವನ್ನು ಇಟ್ಟುಕೊಳ್ಳಬೇಕು. ಉತ್ಪಾದನೆ ಆ ದಿನ ಸ್ವಲ್ಪ ಕುಗ್ಗುತ್ತದೆ, ಕುಗ್ಗಲಿ.

ಅಪ್ರೆಂಟಿಸ್ ಕಾಯ್ದೆ 1961ರ ಪ್ರಕಾರ ಮೂವತ್ತು ಮತ್ತು ಹೆಚ್ಚು ಮಂದಿಯಿರುವ ಸಂಸ್ಥೆಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. ಅದಕ್ಕಿಂತ ಚಿಕ್ಕ ಘಟಕಗಳೂ, ನಾಲ್ವರು ಇದ್ದರೆ, ಇಚ್ಛಾನುಸಾರ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರವು ಭರಿಸುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ್ದು, ಅಲ್ಲಿನ ವಿದ್ಯಾರ್ಥಿಗಳಿಗೆ ಹೊಸ ಯಂತ್ರಗಳ ಪರಿಚಯ ದೊರೆಯುತ್ತಿದೆ. ಹಾಲಿ ನೌಕರರ ತರಬೇತಿಗೆ ಬೆಂಗಳೂರಿನ ಸಿಎಂಟಿಐ ಮತ್ತು ಜಿಟಿಟಿಸಿ ಸಂಸ್ಥೆಗಳನ್ನು ಸಂಪರ್ಕಿಸಬಹುದು.

ಕ್ಯಾಮೆರಾ ಮಾರುವವರು ಬಾಗಿಲಿಗೆ ಬರುವ ಮುನ್ನ ಖರ್ಚಿಲ್ಲದೆ ಆರಂಭಿಸಬಹುದಾದ ಕೆಲಸ ಒಂದಿದೆ. ತಿರಸ್ಕೃತ ಜಾಬುಗಳ ಡಬ್ಬಿಯನ್ನು ನಾಲ್ಕಾಗಿ ವಿಂಗಡಿಸಿ ಗೀರು, ಬರ್, ಅಳತೆ, ಬಿರುಕು ಎಂದು ಚೀಟಿ ಅಂಟಿಸಿ. ಯಾವ ಯಂತ್ರದಿಂದ, ಯಾವ ಪಾಳಿಯಲ್ಲಿ ಬಂದುದೆಂದು ತಪಾಸಣೆಯ ಮೇಜಿನವರಿಂದಲೇ ಬರೆಸಿ, ಚಿತ್ರ ತೆಗೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಯಂತ್ರ ಬೇಕೋ ಬೇಡವೋ ಎಂಬುದನ್ನು ಆ ಪುಸ್ತಕವನ್ನು ನೋಡಿಯೇ ನಿರ್ಧರಿಸಬಹುದು.